ಓವನ್ ಬೇಡದ, ಫ್ರೀಜರ್‌ನಲ್ಲೇ ಗಟ್ಟಿಯಾಗುವ ನಿಂಬೆ ಪೈ

ಏಪ್ರಿಲ್ ತಿಂಗಳ ಮಧ್ಯಾಹ್ನ ಮೈಸೂರಿನಲ್ಲಿ ಉಷ್ಣತೆ 34–35 ಡಿಗ್ರಿ ಸೆಲ್ಸಿಯಸ್ ಮುಟ್ಟುವ ಹೊತ್ತಿಗೆ ಅಡುಗೆಮನೆಯಲ್ಲಿ ಮುಕ್ಕಾಲು ಗಂಟೆ ಓವನ್ ಉರಿಸುವ ಉತ್ಸಾಹ ಯಾರಿಗೂ ಉಳಿದಿರುವುದಿಲ್ಲ. ಮೇಲಾಗಿ ನಮ್ಮ ಕಡೆಯ ಬಹಳಷ್ಟು ಮನೆಗಳಲ್ಲಿ ಓವನ್ ಇರುವುದೂ ಇಲ್ಲ. ಫ್ರಿಜ್ ಮಾತ್ರ ಇದ್ದೇ ಇರುತ್ತದೆ. ಆ ಫ್ರಿಜ್ಜಿನ ಮೇಲಿನ ಫ್ರೀಜರ್ ಖಾನೆಯೊಂದನ್ನೇ ನಂಬಿಕೊಂಡು, ಬಿಸ್ಕತ್ತಿನ ತಳ ಹಾಕಿ, ಅದರ ಮೇಲೆ ನಿಂಬೆಯ ಹೂರಣ ತುಂಬಿ, ರಾತ್ರಿಯಿಡೀ ಹೆಪ್ಪುಗಟ್ಟಲು ಬಿಟ್ಟು ಮಾರನೆಯ ದಿನ ತಣ್ಣಗೆ ಹೋಳು ಮಾಡಿ ಬಡಿಸಬಹುದಾದ ಒಂದು ಸಿಹಿಯನ್ನು ಮಾಡುವ ಬಗೆಯನ್ನು ಇಲ್ಲಿ ವಿವರಿಸಿದ್ದೇನೆ. ಇದಕ್ಕೆ ಮೊಟ್ಟೆ ಬೇಡ, ಜಿಲೆಟಿನ್ ಬೇಡ, ಪಾಕ ಹಿಡಿಯುವ ಗೋಜೂ ಇಲ್ಲ. ಕೆಲಸ ಸುಲಭವೇ ಸರಿ, ಆದರೆ ಎರಡು ವಿಷಯಗಳಲ್ಲಿ ಉದಾಸೀನ ಸಲ್ಲದು. ನಿಂಬೆರಸವನ್ನು ಹಣ್ಣಿನ ಲೆಕ್ಕದಲ್ಲಲ್ಲ, ಅಳತೆಯ ಲೆಕ್ಕದಲ್ಲಿ ತೆಗೆದುಕೊಳ್ಳಬೇಕು. ಮತ್ತು ತಣ್ಣಗಿರಬೇಕಾದ ಪದಾರ್ಥ ನಿಜವಾಗಿಯೂ ತಣ್ಣಗಿರಬೇಕು. ಈ ಪೈ ಕೆಟ್ಟಿತೆಂದು ಹೇಳುವವರ ಅಡುಗೆಮನೆಯಲ್ಲಿ ಈ ಎರಡರಲ್ಲೊಂದು ತಪ್ಪಿರುತ್ತದೆ.

ಮೊದಲು ಹಣ್ಣಿನ ವಿಷಯವನ್ನೇ ನೋಡೋಣ. ಈ ಬಗೆಯ ಪೈ ಅಮೆರಿಕದಿಂದ ಬಂದದ್ದು. ಫ್ಲಾರಿಡಾ ರಾಜ್ಯದ ದಕ್ಷಿಣ ತುದಿಯಲ್ಲಿರುವ ಕೀಸ್ ದ್ವೀಪಗಳಲ್ಲಿ ತಾಜಾ ಹಾಲೂ ಮಂಜುಗಡ್ಡೆಯೂ ದುರ್ಲಭವಾಗಿದ್ದ ಕಾಲದಲ್ಲಿ ಅಲ್ಲಿನವರು ಹಾಲನ್ನು ಸಕ್ಕರೆಯೊಂದಿಗೆ ಇಂಗಿಸಿ ಡಬ್ಬಿಗೆ ತುಂಬಿದ ಕಂಡೆನ್ಸ್ಡ್ ಮಿಲ್ಕ್‌ಗೆ ತಮ್ಮಲ್ಲಿ ಬೆಳೆಯುವ ಪುಟ್ಟ ನಿಂಬೆಯ ರಸವನ್ನು ಬೆರೆಸಿ ಹೂರಣ ಮಾಡುತ್ತಿದ್ದರು. ಹಾಲನ್ನು ಹೀಗೆ ಇಂಗಿಸುವ ವಿಧಾನಕ್ಕೆ ಗೇಲ್ ಬೋರ್ಡನ್ ಎಂಬಾತ 1856ರಲ್ಲಿ ಪೇಟೆಂಟ್ ಪಡೆದಿದ್ದ. ಕೀ ಲೈಮ್ ಪೈ ಎಂದು ಹೆಸರಾದ ಆ ತಿನಿಸನ್ನು ಫ್ಲಾರಿಡಾ 2006ರಲ್ಲಿ ತನ್ನ ರಾಜ್ಯದ ಅಧಿಕೃತ ಪೈ ಎಂದು ಘೋಷಿಸಿತು. ನಮಗೆ ಇಲ್ಲಿ ಮುಖ್ಯವಾದ ಸಂಗತಿಯೆಂದರೆ, ಆ ದ್ವೀಪಗಳ ನಿಂಬೆಯೂ ನಮ್ಮ ಸಂತೆಯಲ್ಲಿ ಸಿಗುವ ತೆಳು ಸಿಪ್ಪೆಯ ಕಾಗ್ಜಿ ನಿಂಬೆಯೂ ಒಂದೇ ಜಾತಿಯವು; ಏಷ್ಯಾದ ಈ ಹಣ್ಣು ಅರಬರ ಹಾಗೂ ಸ್ಪೇನಿನವರ ಕೈಯಿಂದ ಅಷ್ಟು ದೂರ ಹೋಗಿ ಸೇರಿತು. ಆದರೆ ಈಗ ಎಲ್ಲೆಡೆ ಓಡಾಡುವ ಪಾಕವಿಧಾನಗಳಲ್ಲಿ ಹೆಚ್ಚಿನವು ಬರೆದಿರುವುದು ಬೇರೆ ನಿಂಬೆಯನ್ನು ಕುರಿತು. ಅದು ದಪ್ಪ ಸಿಪ್ಪೆಯ, ಮೊಟ್ಟೆಯಾಕಾರದ, ದೊಡ್ಡ ಹಳದಿ ಹಣ್ಣು. ಒಂದರಿಂದಲೇ ಸುಮಾರು 40–45 ಮಿಲಿಲೀಟರ್ ರಸ ಬರುತ್ತದೆ, ಹುಳಿಯೂ ತುಸು ಸೌಮ್ಯ. ನಮ್ಮ ಮಧ್ಯಮ ಗಾತ್ರದ ನಿಂಬೆ ಬೇಸಿಗೆಯಲ್ಲಿ 15–20 ಮಿಲಿಲೀಟರ್ ಕೊಟ್ಟರೆ ಹೆಚ್ಚು. ‘ಮೂರು ನಿಂಬೆಹಣ್ಣಿನ ರಸ’ ಎಂದು ಓದಿದ್ದನ್ನು ನಂಬಿ ನಾವು ಮೂರೇ ಹಣ್ಣು ಹಿಂಡಿದರೆ ಬೇಕಾದುದರಲ್ಲಿ ಅರ್ಧವೂ ಆಗುವುದಿಲ್ಲ, ಹೂರಣ ಸಪ್ಪೆಯಾಗಿ ನೀರುನೀರಾಗಿ ಉಳಿಯುತ್ತದೆ.

ಆದ್ದರಿಂದ 120 ಮಿಲಿಲೀಟರ್ ಎಂದು ಗಟ್ಟಿಯಾಗಿ ನೆನಪಿಟ್ಟುಕೊಳ್ಳಿ. ಅದಕ್ಕೆ ಏಳೆಂಟು ಹಣ್ಣು ಬೇಕಾದೀತು. ಒಂದೆರಡು ಹೆಚ್ಚಿಗೆ ತಂದಿಟ್ಟುಕೊಳ್ಳುವುದು ಕ್ಷೇಮ. ಅಳತೆಯ ಲೋಟವಿಲ್ಲದಿದ್ದರೆ ಮಕ್ಕಳ ಹಾಲಿನ ಬಾಟಲಿಯ ಮೇಲಿರುವ ಗೆರೆಗಳು ಈ ಕೆಲಸಕ್ಕೆ ಚೆನ್ನಾಗಿ ಒದಗುತ್ತವೆ, ಅಥವಾ 15 ಮಿಲಿಲೀಟರಿನ ದೊಡ್ಡ ಚಮಚದಲ್ಲಿ ಎಂಟು ಚಮಚ ಎಣಿಸಬಹುದು. ದೇವರಾಜ ಮಾರುಕಟ್ಟೆಯಲ್ಲಾಗಲಿ ಮಂಡ್ಯದ ಸಂತೆಯಲ್ಲಾಗಲಿ ಬುಟ್ಟಿಯಿಂದ ಆರಿಸುವಾಗ ಬಣ್ಣಕ್ಕಿಂತ ತೂಕವನ್ನು ಗಮನಿಸಬೇಕು: ಅಂಗೈಯಲ್ಲಿಟ್ಟಾಗ ಗಾತ್ರಕ್ಕಿಂತ ಭಾರವೆನಿಸುವ, ಸಿಪ್ಪೆ ನುಣುಪಾಗಿ ಹೊಳೆಯುವ, ಹೆಬ್ಬೆರಳಿನಿಂದ ಒತ್ತಿದರೆ ಸ್ವಲ್ಪವೇ ಬಗ್ಗುವ ಹಣ್ಣಿನಲ್ಲಿ ರಸ ತುಂಬಿರುತ್ತದೆ. ಕಲ್ಲಿನಂತೆ ಗಟ್ಟಿಯಾದ ಹಸಿರು ಕಾಯಿಯಲ್ಲಿ ಹುಳಿ ಇದ್ದರೂ ರಸ ಕಡಿಮೆ. ವಿಜಯಪುರ ಜಿಲ್ಲೆಯ ಇಂಡಿ ಕಡೆಯ ನಿಂಬೆ ಸಿಕ್ಕಿದರೆ ಬಿಡಬೇಡಿ. ಬೇಸಿಗೆಯಲ್ಲಿ ಬೆಲೆ ಏರುವುದು ಎಲ್ಲರಿಗೂ ಗೊತ್ತಿರುವ ಸಂಗತಿಯೇ. ಅಗ್ಗವಾಗಿ ಸಿಗುವ ದಿನಗಳಲ್ಲಿ ರಸ ಹಿಂಡಿ ಐಸ್ ತಟ್ಟೆಯಲ್ಲಿ ಗಟ್ಟಿ ಮಾಡಿ ಇಟ್ಟುಕೊಂಡವರು ಅದನ್ನೇ ಕರಗಿಸಿ ಬಳಸಬಹುದು, ಆದರೆ ಸಿಪ್ಪೆಯ ತುರಿಗೆ ಮಾತ್ರ ತಾಜಾ ಹಣ್ಣೇ ಆಗಬೇಕು. ಬಾಟಲಿಯ ನಿಂಬೆರಸವನ್ನೋ ನಿಂಬೆ ಉಪ್ಪನ್ನೋ ಹಾಕಿದರೆ ಹೂರಣ ಗಟ್ಟಿಯಾಗುವುದು ನಿಜ, ಪರಿಮಳ ಬರುವುದಿಲ್ಲ.

ಪರಿಮಳವೆಲ್ಲ ಇರುವುದು ಸಿಪ್ಪೆಯ ಹೊರಪದರದ ಎಣ್ಣೆಯಲ್ಲಿ. ಹಣ್ಣನ್ನು ತೊಳೆದು ಒರೆಸಿ, ಹಿಂಡುವ ಮೊದಲೇ ಮೂರು ಹಣ್ಣಿನ ಸಿಪ್ಪೆಯನ್ನು ಜಾಯಿಕಾಯಿ ತುರಿಯುವಂಥ ಸಣ್ಣ ಹಲ್ಲಿನ ತುರಿಮಣೆಯಲ್ಲಿ ಹಗುರವಾಗಿ ಉಜ್ಜಿ ತೆಗೆಯಬೇಕು. ಕಾಗ್ಜಿ ನಿಂಬೆಯ ಸಿಪ್ಪೆ ಎಷ್ಟು ತೆಳುವೆಂದರೆ ಎರಡನೆಯ ಸಲ ಅದೇ ಜಾಗದಲ್ಲಿ ಉಜ್ಜಿದರೆ ಬಿಳಿಯ ಭಾಗ ಬಂದುಬಿಡುತ್ತದೆ, ಅದು ಕಹಿ. ಹಣ್ಣನ್ನು ತಿರುಗಿಸುತ್ತ ಪ್ರತಿ ಜಾಗಕ್ಕೂ ಒಂದೇ ಎಳೆತ ಸಾಕು. ಹೀಗೆ ಬಂದ ತುರಿಯನ್ನು ಒಂದು ಚಮಚ ಸಕ್ಕರೆಯೊಂದಿಗೆ ಬೆರಳ ತುದಿಯಿಂದ ತಿಕ್ಕಿಟ್ಟರೆ ಸಕ್ಕರೆ ತುಸು ಒದ್ದೆಯಾಗಿ ಎಣ್ಣೆಯನ್ನು ಹೀರಿಕೊಳ್ಳುತ್ತದೆ, ಕೋಣೆಯಿಡೀ ಘಮಘಮಿಸುತ್ತದೆ. ಗಜನಿಂಬೆ ಸಿಕ್ಕುವವರಿಗೆ ಈ ಕೆಲಸ ಇನ್ನೂ ಸಲೀಸು, ಏಕೆಂದರೆ ಅದರ ಸಿಪ್ಪೆ ದಪ್ಪ. ಹೇರಳೆಕಾಯಿಯನ್ನು ಮಾತ್ರ ಇದರ ಹತ್ತಿರಕ್ಕೂ ತರಬೇಡಿ; ಅದರ ಒಗರುಗಹಿ ಗೊಜ್ಜಿಗೆ ಒಪ್ಪುತ್ತದೆಯೇ ಹೊರತು ಹಾಲಿನ ಸಿಹಿಗಲ್ಲ.

ತುರಿ ತೆಗೆದ ಹಣ್ಣುಗಳನ್ನು ಹತ್ತು ನಿಮಿಷ ಉಗುರುಬೆಚ್ಚಗಿನ ನೀರಿನಲ್ಲಿಟ್ಟು, ಕಟ್ಟೆಯ ಮೇಲೆ ಅಂಗೈಯಿಂದ ಒತ್ತಿ ಉರುಳಿಸಿ, ಅಡ್ಡಲಾಗಿ ಕೊಯ್ದು ಹಿಂಡಿ. ಬೀಜ ಜಜ್ಜಿಹೋಗುವಂತೆ, ಸಿಪ್ಪೆ ಮಗುಚಿಕೊಳ್ಳುವಂತೆ ಹಿಂಡಿದರೆ ರಸ ನಿಂತ ಮೇಲೆ ಕಹಿಯಾಗುತ್ತದೆ. ಸೋಸಿ, ಗಾಜಿನ ಅಥವಾ ಸ್ಟೀಲಿನ ಬಟ್ಟಲಿನಲ್ಲಿಡಿ. ಅಲ್ಯುಮಿನಿಯಂ, ಹಿತ್ತಾಳೆ, ತಾಮ್ರದ ಪಾತ್ರೆಗಳಿಗೆ ಹುಳಿ ಆಗಿಬರುವುದಿಲ್ಲ.

ಇನ್ನುಳಿದ ಸಾಮಗ್ರಿ ಹೀಗಿದೆ. ಎಂಟು ಅಂಗುಲದ, ಅಂದರೆ 20 ಸೆಂಟಿಮೀಟರ್ ಅಗಲದ, ಎರಡು ಅಂಗುಲ ಎತ್ತರದ ಅಚ್ಚಿಗೆ ಸಾಕಾಗುವಷ್ಟು ಲೆಕ್ಕ ಹೇಳಿದ್ದೇನೆ. ತಳಕ್ಕೆ 200 ಗ್ರಾಂ ಮಾರಿ ಬಿಸ್ಕತ್ತು, 90 ಗ್ರಾಂ ಬೆಣ್ಣೆ ಮತ್ತು ಎರಡು ದೊಡ್ಡ ಚಮಚ ಬೆಲ್ಲದ ಪುಡಿ. ಹೂರಣಕ್ಕೆ ಸುಮಾರು 400 ಗ್ರಾಂ ತೂಕದ ಒಂದು ಡಬ್ಬಿ ಕಂಡೆನ್ಸ್ಡ್ ಮಿಲ್ಕ್, 250 ಮಿಲಿಲೀಟರ್ ವಿಪ್ಪಿಂಗ್ ಕ್ರೀಮ್, ಆಗಲೇ ಹೇಳಿದ ನಿಂಬೆರಸ ಮತ್ತು ಸಿಪ್ಪೆಯ ತುರಿ, ಒಂದು ಚಿಟಿಕೆ ಉಪ್ಪು. ಅಚ್ಚು ತಳ ಬಿಚ್ಚುವಂಥದ್ದಾದರೆ ಒಳ್ಳೆಯದು. ಇಲ್ಲವಾದರೆ ಅಂಚು ನೇರವಾಗಿರುವ ಸ್ಟೀಲ್ ಡಬರಿಯೋ ಅಗಲವಾದ ಟಿಫಿನ್ ಡಬ್ಬಿಯೋ ಆಗುತ್ತದೆ. ಅದರೊಳಗೆ ಬಟರ್ ಪೇಪರಿನ ಎರಡು ಉದ್ದ ಪಟ್ಟಿಗಳನ್ನು ಒಂದರ ಮೇಲೊಂದು ಅಡ್ಡಲಾಗಿ ಹಾಸಿ ತುದಿಗಳನ್ನು ಹೊರಗೆ ಬಿಟ್ಟರೆ ಆಮೇಲೆ ಇಡೀ ಪೈಯನ್ನು ಹಿಡಿದೆತ್ತಬಹುದು.

ತಳ ಮಾಡುವುದಕ್ಕೆ ಬಿಸ್ಕತ್ತನ್ನು ಮಿಕ್ಸಿಯಲ್ಲಿ ಬಿಟ್ಟುಬಿಟ್ಟು ತಿರುಗಿಸಿ, ಇಲ್ಲವೇ ಬಟ್ಟೆಯ ಚೀಲದಲ್ಲಿ ಹಾಕಿ ಲಟ್ಟಣಿಗೆಯಿಂದ ಕುಟ್ಟಿ ಪುಡಿ ಮಾಡಬೇಕು. ಬಹುಪಾಲು ಚಿರೋಟಿ ರವೆಯಂತಿದ್ದು, ಅಲ್ಲಲ್ಲಿ ಬನ್ಸಿ ರವೆಯಷ್ಟು ದಪ್ಪ ಕಾಳು ಉಳಿದಿದ್ದರೆ ಹದ ಸರಿಯಾಗಿದೆ ಎಂದರ್ಥ. ತೀರಾ ಹಿಟ್ಟಾದರೆ ತಳ ಹೆಂಚಿನ ಚೂರಿನಷ್ಟು ಗಡುಸಾಗಿ ಚಾಕು ಇಳಿಯುವುದಿಲ್ಲ. ಅಮೆರಿಕದಲ್ಲಿ ಇದಕ್ಕೆ ಬಳಸುವ ಗ್ರಹಾಂ ಕ್ರ್ಯಾಕರ್‌ಗೆ ನಮ್ಮ ಡೈಜೆಸ್ಟಿವ್ ಬಿಸ್ಕತ್ತು ಹತ್ತಿರದ್ದು, ಅದರಲ್ಲಿ ಮೊದಲೇ ಜಿಡ್ಡು ಹೆಚ್ಚಿರುವುದರಿಂದ 70–75 ಗ್ರಾಂ ಬೆಣ್ಣೆ ಸಾಕು. ಮಾರಿ ಒಣ ಬಿಸ್ಕತ್ತಾದ್ದರಿಂದ ಹೆಚ್ಚು ಬೆಣ್ಣೆ ಬೇಡುತ್ತದೆ. ನನ್ನ ಮಟ್ಟಿಗೆ ಮಾರಿಯೇ ಮೇಲು: ಸಿಹಿ ಕಡಿಮೆ, ಬೆಲೆಯೂ ಕಡಿಮೆ, ಹಳ್ಳಿಯ ಪೆಟ್ಟಿಗೆ ಅಂಗಡಿಯಲ್ಲೂ ಸಿಗುತ್ತದೆ.

ಬೆಲ್ಲದ ವಿಷಯದಲ್ಲಿ ಒಂದು ಮಾತು. ಬಹಳಷ್ಟು ಪಾಕವಿಧಾನಗಳು ಇಲ್ಲಿ ಸಕ್ಕರೆ ಹಾಕುತ್ತವೆ. 1933ರಲ್ಲೇ ಮೈಸೂರು ಸಕ್ಕರೆ ಕಂಪನಿ ಆರಂಭವಾದ ಮಂಡ್ಯದಲ್ಲಿ ಸಕ್ಕರೆಗೇನೂ ಕೊರತೆಯಿಲ್ಲವಾದರೂ, ಅದೇ ಮಂಡ್ಯದ ಆಲೆಮನೆಯ ಬೆಲ್ಲ ಈ ತಳಕ್ಕೆ ಕೊಡುವ ಸುಟ್ಟ ಕಬ್ಬಿನ ರುಚಿ ಸಕ್ಕರೆಯಿಂದ ಬರುವುದಿಲ್ಲ. ಅಚ್ಚು ಬೆಲ್ಲವನ್ನು ಹೆರೆದು, ಪೇಪರಿನ ಮೇಲೆ ಒಂದಷ್ಟು ಹೊತ್ತು ಹರಡಿ ಒಣಗಿಸಿ ಗಂಟಿಲ್ಲದಂತೆ ಪುಡಿ ಮಾಡಿ ಬಳಸಿ. ಇದರೊಂದಿಗೆ ಅರ್ಧ ಚಮಚ ಒಣಶುಂಠಿ ಪುಡಿ, ಎರಡು ಏಲಕ್ಕಿಯ ಪುಡಿ ಸೇರಿಸಿದರೆ ಬೆಲ್ಲ, ಶುಂಠಿ, ಏಲಕ್ಕಿ, ನಿಂಬೆ ಇವೆಲ್ಲ ಒಂದೇ ತುತ್ತಿನಲ್ಲಿ ಸೇರಿ ರಾಮನವಮಿಯ ಪಾನಕದ ನೆನಪು ಬರುತ್ತದೆ. ಏಲಕ್ಕಿ ತಳಕ್ಕಷ್ಟೇ ಇರಲಿ. ಯಾವ ಸಿಹಿ ಕಂಡರೂ ಏಲಕ್ಕಿ ಉದುರಿಸುವ ನಮ್ಮ ಕೈ ಹೂರಣದ ಕಡೆಗೆ ಹೋಗದಂತೆ ತಡೆಯಬೇಕು, ಹೋದರೆ ನಿಂಬೆಯ ಪರಿಮಳ ಅಡಗಿಹೋಗುತ್ತದೆ.

ಬೆಣ್ಣೆಯನ್ನು ಬಿಸಿನೀರಿನ ಪಾತ್ರೆಯೊಳಗೆ ಬಟ್ಟಲಿಟ್ಟು ಕರಗಿಸಿ. ಉಪ್ಪು ಬೆರೆತ ಬೆಣ್ಣೆಯಾದರೆ ಹೂರಣಕ್ಕೆ ಹೇಳಿದ ಉಪ್ಪನ್ನು ಬಿಡಿ. ಕರಗಿದ ಬೆಣ್ಣೆಯನ್ನು ಪುಡಿಗೆ ಸುರಿದು ಎಲ್ಲ ಕಾಳಿಗೂ ತಗಲುವಂತೆ ಕಲಸಿದ ಮೇಲೆ ಒಂದು ಹಿಡಿ ತೆಗೆದು ಮುಷ್ಟಿಯಲ್ಲಿ ಒತ್ತಿ ನೋಡಬೇಕು: ಉಂಡೆ ನಿಲ್ಲಬೇಕು, ಬೆರಳಿನಿಂದ ತಳ್ಳಿದರೆ ಒಡೆಯಬೇಕು. ನಿಲ್ಲದಿದ್ದರೆ ಇನ್ನೊಂದು ಚಮಚ ಬೆಣ್ಣೆ. ಬೆರಳಿಗೆ ಜಿಡ್ಡು ಇಳಿಯುವಷ್ಟಾದರೆ ಎರಡು ಬಿಸ್ಕತ್ತು ಪುಡಿ ಮಾಡಿ ಸೇರಿಸಿ. ಇದನ್ನು ಅಚ್ಚಿಗೆ ಸುರಿದು, ಚಪ್ಪಟೆ ತಳದ ಸ್ಟೀಲ್ ಲೋಟದಿಂದ ನಡುವಿನಿಂದ ಅಂಚಿನ ಕಡೆಗೆ ಒತ್ತುತ್ತ ಹೋಗಿ, ಅಂಚಿನಲ್ಲಿ ಒಂದು ಅಂಗುಲ ಮೇಲಕ್ಕೇರಿಸಿ. ತಳ ಮತ್ತು ಗೋಡೆ ಸೇರುವ ಮೂಲೆಯಲ್ಲಿ ಪುಡಿ ದಪ್ಪವಾಗಿ ಕೂರುವುದು ರೂಢಿ. ಲೋಟದ ಅಂಚನ್ನು ಅಲ್ಲಿ ಒಂದು ಸುತ್ತು ಒತ್ತಿ ಓಡಿಸಿದರೆ ಅದು ಸರಿಯಾಗುತ್ತದೆ. ಬೆಣ್ಣೆ 32–35 ಡಿಗ್ರಿಯಲ್ಲೇ ಕರಗುವ ವಸ್ತು, ನಮ್ಮ ಬೇಸಿಗೆಯ ಅಡುಗೆಮನೆಯೂ ಅಷ್ಟೇ ಬಿಸಿ. ಹೀಗಾಗಿ ಒತ್ತಿದ ತಳವನ್ನು ಕಟ್ಟೆಯ ಮೇಲೆ ಬಿಡದೆ ಕೂಡಲೇ ಫ್ರೀಜರ್‌ನಲ್ಲಿಟ್ಟು ಕನಿಷ್ಠ ಅರ್ಧ ಗಂಟೆ ಗಟ್ಟಿಯಾಗಲು ಬಿಡಿ.

ಈಗ ಕ್ರೀಮಿನ ಸರದಿ, ಎಡವುವವರು ಹೆಚ್ಚಾಗಿ ಎಡವುವುದು ಇಲ್ಲೇ. ಅಂಗಡಿಯಲ್ಲಿ ಸಣ್ಣ ಪೊಟ್ಟಣದಲ್ಲಿ ಸಿಗುವ ಫ್ರೆಶ್ ಕ್ರೀಮ್‌ನಲ್ಲಿ ಕೊಬ್ಬು ಶೇಕಡಾ 25ರ ಆಸುಪಾಸಿನಲ್ಲಿರುತ್ತದೆ. ಅದನ್ನು ಎಷ್ಟು ಕಡೆದರೂ ಉಬ್ಬಿ ನಿಲ್ಲುವುದಿಲ್ಲ. ಶೇಕಡಾ 30 ಅಥವಾ ಅದಕ್ಕಿಂತ ಹೆಚ್ಚು ಕೊಬ್ಬಿರುವ ವಿಪ್ಪಿಂಗ್ ಕ್ರೀಮ್ ಎಂದೇ ಕೇಳಿ ತರಬೇಕು. ಬೇಕರಿ ಸಾಮಗ್ರಿ ಮಾರುವ ಅಂಗಡಿಗಳಲ್ಲಿ ಕೇಳಿದರೆ ಹೆಚ್ಚಾಗಿ ಕೊಡುವುದು ಸಸ್ಯಜನ್ಯ ಕೊಬ್ಬಿನಿಂದ ಮಾಡಿದ ನಾನ್ ಡೈರಿ ಕ್ರೀಮ್. ಅದು ಸೆಕೆಗೆ ಅಷ್ಟಾಗಿ ಜಗ್ಗದೆ ಬೇಗ ಉಬ್ಬುತ್ತದೆ ಎಂಬುದು ಅದರ ಗುಣ. ಮೊದಲೇ ಸಕ್ಕರೆ ಬೆರೆತಿರುತ್ತದೆ ಮತ್ತು ತಿಂದ ಮೇಲೆ ಬಾಯಿಯ ಅಂಗುಳಿಗೆ ಜಿಡ್ಡು ಹಿಡಿಯುತ್ತದೆ ಎಂಬುದು ದೋಷ. ಅದನ್ನೇ ಬಳಸುವುದಾದರೆ ಕಂಡೆನ್ಸ್ಡ್ ಮಿಲ್ಕನ್ನು 300 ಗ್ರಾಂಗೆ ಇಳಿಸಿ, ನಿಂಬೆರಸವನ್ನು 100 ಮಿಲಿಲೀಟರಿಗೆ ತನ್ನಿ, ಫ್ರೀಜರ್‌ನಲ್ಲಿ ಗಟ್ಟಿಯಾಗಿರುವ ಪೊಟ್ಟಣವನ್ನು ಹಿಂದಿನ ದಿನವೇ ಫ್ರಿಜ್ಜಿನ ಕೆಳಖಾನೆಗಿಳಿಸಿ ನಿಧಾನವಾಗಿ ಕರಗಲು ಬಿಡಿ. ಕಾಯಿಸಿದ ಹಾಲಿನ ಮೇಲೆ ಕಟ್ಟುವ ಮನೆಯ ಕೆನೆ ಇದಕ್ಕೆ ಆಗದು. ಅದರ ತೊಗಲು ಗಂಟುಗಂಟಾಗಿ ಉಳಿಯುತ್ತದೆ, ಕಡೆದರೆ ನೇರವಾಗಿ ಬೆಣ್ಣೆಯಾಗುತ್ತದೆ.

ಕ್ರೀಮ್ ಉಬ್ಬುವುದೆಂದರೆ ಅದರೊಳಗಿನ ಕೊಬ್ಬಿನ ಕಣಗಳು ಒಂದಕ್ಕೊಂದು ಅಂಟಿಕೊಂಡು ಗಾಳಿಯ ಗುಳ್ಳೆಗಳ ಸುತ್ತ ಗೋಡೆ ಕಟ್ಟುವುದು. ಕ್ರೀಮ್ 10 ಡಿಗ್ರಿಗಿಂತ ಬೆಚ್ಚಗಾದರೆ ಆ ಕೊಬ್ಬು ಮೆತ್ತಗಾಗಿ ಗೋಡೆ ನಿಲ್ಲುವುದಿಲ್ಲ. ಆದ್ದರಿಂದ ಕ್ರೀಮನ್ನು ಹಿಂದಿನ ರಾತ್ರಿಯಿಂದಲೇ ಫ್ರಿಜ್ಜಿನ ಒಳಭಾಗದಲ್ಲಿಡಿ, ಬಾಗಿಲಿನ ಖಾನೆಯಲ್ಲಿ ಬೇಡ. ಆಳವಾದ ಸ್ಟೀಲ್ ಪಾತ್ರೆಯನ್ನೂ ಬೀಟರಿನ ಕಡ್ಡಿಗಳನ್ನೂ ಇಪ್ಪತ್ತು ನಿಮಿಷ ಫ್ರೀಜರ್‌ನಲ್ಲಿಡಿ. ಕಡೆಯುವಾಗ ಆ ಪಾತ್ರೆಯನ್ನು ಮಂಜುಗಡ್ಡೆ ಹಾಕಿದ ನೀರಿನ ಬೋಗುಣಿಯೊಳಗೆ ಕೂರಿಸಿ. ಕೆಲಸವನ್ನು ಮಧ್ಯಾಹ್ನ ಇಟ್ಟುಕೊಳ್ಳದೆ ಬೆಳಗಿನ ಜಾವ ಅಥವಾ ರಾತ್ರಿ ಊಟವಾದ ಮೇಲೆ ಇಟ್ಟುಕೊಂಡರೆ ಅರ್ಧ ಕಷ್ಟ ತಪ್ಪಿದಂತೆಯೇ. ಬೀಟರನ್ನು ಮೊದಲು ನಿಧಾನಗತಿಯಲ್ಲಿ, ನೊರೆ ಬಂದ ಮೇಲೆ ಮಧ್ಯಮಗತಿಯಲ್ಲಿ ಓಡಿಸಿ. ಮೂರರಿಂದ ಐದು ನಿಮಿಷದಲ್ಲಿ ಕಡ್ಡಿಗಳು ಹೋದಲ್ಲೆಲ್ಲ ಗೆರೆ ಮೂಡತೊಡಗುತ್ತದೆ. ಬೀಟರ್ ನಿಲ್ಲಿಸಿ ಮೇಲೆತ್ತಿದಾಗ ಎದ್ದ ಮೊನೆ ತಲೆಯನ್ನಷ್ಟೇ ಬಾಗಿಸಿ ನಿಂತರೆ ಅಲ್ಲಿಗೆ ಸಾಕು. ಇನ್ನರ್ಧ ನಿಮಿಷ ಕಡೆದರೆ ಹೊಳಪು ಹೋಗಿ ತರಿತರಿಯಾಗುತ್ತದೆ. ಆಗ ಎರಡು ಚಮಚ ದ್ರವ ಕ್ರೀಮ್ ಹಾಕಿ ಚಮಚದಿಂದ ಮೆಲ್ಲಗೆ ತಿರುವಿದರೆ ಸರಿಹೋಗಬಹುದು. ಅದಕ್ಕೆಂದೇ ಮೊದಲಿಗೇ ಸ್ವಲ್ಪ ಕ್ರೀಮ್ ಎತ್ತಿಟ್ಟುಕೊಳ್ಳುವುದು ಜಾಣತನ. ಮಿಕ್ಸಿಯ ಜಾರು ಇದಕ್ಕೆ ತಕ್ಕುದಲ್ಲ, ಅಲಗಿನ ಬಿಸಿಗೆ ಕ್ರೀಮ್ ಒಡೆಯುತ್ತದೆ. ಬೆಣ್ಣೆ ತೆಗೆಯುವುದಕ್ಕೆಂದೇ ಹುಟ್ಟಿದ ಕಡೆಗೋಲೂ ಬೇಡ.

ಉಬ್ಬಿದ ಕ್ರೀಮನ್ನು ಫ್ರಿಜ್ಜಿನಲ್ಲಿಟ್ಟು, ಇನ್ನೊಂದು ಅಗಲ ಪಾತ್ರೆಯಲ್ಲಿ ಕಂಡೆನ್ಸ್ಡ್ ಮಿಲ್ಕ್, ಸಿಪ್ಪೆಯ ತುರಿ, ಉಪ್ಪು ಸೇರಿಸಿ ಕಲಕಿ. ಈಗ ನಿಂಬೆರಸವನ್ನು ಮೂರು ಸಲಕ್ಕೆ ಸುರಿಯುತ್ತ ಪ್ರತಿ ಸಲವೂ ಪೂರ್ತಿ ಬೆರೆಸಿ. ಹಾಲಿಗೆ ನಿಂಬೆ ಹಿಂಡಿದರೆ ಒಡೆಯುವುದಿಲ್ಲವೇ ಎಂಬ ಅಳುಕು ಸಹಜ. ಮಾಮೂಲಿ ಹಾಲಿನಲ್ಲಿ ನೀರೇ ಹೆಚ್ಚಿರುವುದರಿಂದ ಹುಳಿ ಬಿದ್ದೊಡನೆ ಅದರ ಕೇಸಿನ್ ಎಂಬ ಪ್ರೋಟೀನು ಗಟ್ಟಿಗಟ್ಟಿಯಾಗಿ ಬೇರೆಯಾಗಿ ತಿಳಿನೀರು ಉಳಿಯುತ್ತದೆ. ಕಂಡೆನ್ಸ್ಡ್ ಮಿಲ್ಕ್‌ನಲ್ಲಿ ನೀರು ಕಾಲುಭಾಗಕ್ಕಿಂತ ತುಸು ಹೆಚ್ಚು, ಸಕ್ಕರೆಯೇ ಸುಮಾರು ಅರ್ಧದಷ್ಟು. ಹಾಗಾಗಿ ಅಲ್ಲಿ ಅದೇ ಪ್ರೋಟೀನು ಬೇರ್ಪಡಲು ಜಾಗವಿಲ್ಲದೆ ಇಡೀ ರಾಶಿಯನ್ನೇ ನುಣುಪಾಗಿ ಗಟ್ಟಿ ಮಾಡುತ್ತದೆ. ಮೊದಲು ತೆಳ್ಳಗಾದಂತೆ ಕಾಣುವ ಮಿಶ್ರಣ ಐದು ನಿಮಿಷದೊಳಗೆ ಚಮಚಕ್ಕೆ ಅಂಟಿ ನಿಧಾನವಾಗಿ ಜಾರುವಷ್ಟು ದಪ್ಪವಾಗುವುದನ್ನು ಕಣ್ಣಾರೆ ನೋಡಬಹುದು. ಬೆಂಕಿಯಿಲ್ಲದೆ, ಹಿಟ್ಟಿಲ್ಲದೆ, ಮೊಟ್ಟೆಯಿಲ್ಲದೆ ಹೂರಣ ನಿಲ್ಲುವುದು ಹೀಗೆ. ಹಸಿ ಮೊಟ್ಟೆಯ ಹಳದಿ ಬೆರೆಸುವ ಪಾಕವಿಧಾನಗಳೂ ಇವೆ. ಬೇಯಿಸದ ತಿನಿಸಿಗೆ ಹಸಿ ಮೊಟ್ಟೆ ಹಾಕುವುದು, ಅದೂ ಬೇಸಿಗೆಯಲ್ಲಿ, ಆರೋಗ್ಯದ ದೃಷ್ಟಿಯಿಂದ ಒಳ್ಳೆಯದಲ್ಲ. ಈ ಹಂತದಲ್ಲಿ ರುಚಿ ನೋಡಿ. ನಾಲಿಗೆ ಚುರ್ ಎನ್ನುವಷ್ಟು ಹುಳಿಯಿರಲಿ, ಏಕೆಂದರೆ ಕ್ರೀಮ್ ಬೆರೆತು ಹೆಪ್ಪುಗಟ್ಟಿದ ಮೇಲೆ ಹುಳಿಯೂ ಸಿಹಿಯೂ ಎರಡೂ ಒಂದು ಮೆಟ್ಟಿಲು ಇಳಿಯುತ್ತವೆ.

ಕ್ರೀಮ್ ಬೆರೆಸುವಾಗ ಕೈ ಹಗುರವಾಗಿರಬೇಕು. ಮೊದಲು ಮೂರನೆಯ ಒಂದು ಭಾಗವನ್ನು ಹಾಕಿ ಧಾರಾಳವಾಗಿ ಕಲಕಿ ಹೂರಣವನ್ನು ಸಡಿಲಗೊಳಿಸಿ. ಉಳಿದದ್ದನ್ನು ಎರಡು ಸಲಕ್ಕೆ ಹಾಕಿ, ಅಗಲ ಸೌಟನ್ನು ನಡುವೆ ಇಳಿಸಿ ತಳ ಸವರಿ ಮೇಲಕ್ಕೆ ಮಗುಚುತ್ತ, ಪಾತ್ರೆಯನ್ನು ತಿರುಗಿಸುತ್ತ ಬೆರೆಸಬೇಕು. ಬಿಳಿ ಗೆರೆ ಕಾಣದಂತಾದ ಕ್ಷಣವೇ ನಿಲ್ಲಿಸಿ. ಕ್ರೀಮಿನೊಳಗೆ ಹಿಡಿದಿಟ್ಟ ಗಾಳಿಯೂ ಕಂಡೆನ್ಸ್ಡ್ ಮಿಲ್ಕ್‌ನ ಸಕ್ಕರೆಯೂ ಸೇರಿಯೇ ಈ ಪೈಯನ್ನು ಮಂಜಿನ ಇಟ್ಟಿಗೆಯಾಗದಂತೆ ಕಾಪಾಡುವುದು. ಸಕ್ಕರೆ ಹೆಚ್ಚಿದಷ್ಟೂ ನೀರು ಹೆಪ್ಪುಗಟ್ಟುವ ಉಷ್ಣತೆ ಕೆಳಗಿಳಿಯುತ್ತದೆ, ಗಾಳಿ ಇದ್ದಷ್ಟೂ ಹರಳುಗಳು ದೊಡ್ಡದಾಗಿ ಬೆಳೆಯಲು ಎಡೆ ಸಿಗುವುದಿಲ್ಲ. ಐಸ್ ಕ್ರೀಮಿನಂತೆ ನಡುನಡುವೆ ತೆಗೆದು ಕಡೆಯುವ ಪಾಡು ಇಲ್ಲಿಲ್ಲದಿರುವುದಕ್ಕೆ ಕಾರಣ ಇದೇ. ಬಣ್ಣ ತೆಳು ಕೆನೆಬಣ್ಣವಾಗಿರುತ್ತದೆ. ನಿಂಬೆ ಎಂದರೆ ಹಳದಿ ಇರಲೇಬೇಕೆಂದು ಬೇಕರಿಯವರಂತೆ ಬಣ್ಣ ಹಾಕುವುದು ನನಗೆ ಸರಿಕಾಣದು.

ಕ್ರೀಮ್ ಸಿಗದ ಊರಿನವರು ಗಟ್ಟಿ ಮೊಸರಿನಿಂದಲೂ ಮಾಡಬಹುದು. ಒಂದು ಕಿಲೋ ಹುಳಿಯಿಲ್ಲದ ಮೊಸರನ್ನು ತೆಳು ಪಂಚೆಯ ಬಟ್ಟೆಯಲ್ಲಿ ಕಟ್ಟಿ, ಜರಡಿಯ ಮೇಲಿಟ್ಟು, ಕೆಳಗೊಂದು ಪಾತ್ರೆಯಿರಿಸಿ ಫ್ರಿಜ್ಜಿನೊಳಗೇ ರಾತ್ರಿಯಿಡೀ ನೀರು ಬಸಿಯಲು ಬಿಡಿ. ಹೊರಗೆ ನೇತುಹಾಕಿದರೆ ಈ ಸೆಕೆಗೆ ಬೆಳಗಾಗುವುದರೊಳಗೆ ಹುಳಿಯೇರಿರುತ್ತದೆ. ಬಂದ ಗಟ್ಟಿಯಲ್ಲಿ 300 ಗ್ರಾಂ ತೆಗೆದುಕೊಂಡು ನುಣ್ಣಗೆ ಕಲಸಿ, ನಿಂಬೆರಸವನ್ನು 90 ಮಿಲಿಲೀಟರಿಗೆ ಇಳಿಸಿ, ಮೇಲೆ ಹೇಳಿದಂತೆಯೇ ಬೆರೆಸಿ. ಗಾಳಿ ಕಡಿಮೆಯಾದ್ದರಿಂದ ಇದು ಸ್ವಲ್ಪ ಹರಳುಹರಳಾಗುತ್ತದೆ, ಬಡಿಸುವ ಮುನ್ನ ಹೆಚ್ಚು ಹೊತ್ತು ಹೊರಗಿಡಬೇಕಾಗುತ್ತದೆ. ರುಚಿಯಲ್ಲಿ ಮಾತ್ರ ಶ್ರೀಖಂಡದ ಸೊಗಸಿದೆ.

ಹೂರಣವನ್ನು ಗಟ್ಟಿಯಾದ ತಳದ ಮೇಲೆ ಸುರಿದು, ಅಚ್ಚನ್ನು ಒಂದೆರಡು ಸಲ ಕಟ್ಟೆಗೆ ಮೆಲ್ಲಗೆ ತಟ್ಟಿ, ಮೇಲ್ಮೈಯನ್ನು ಚಮಚದ ಬೆನ್ನಿನಿಂದ ಸವರಿ ಫ್ರೀಜರ್‌ನಲ್ಲಿಡಿ. ಮೊದಲ ಒಂದು ಗಂಟೆ ಮುಚ್ಚದೆ ಬಿಟ್ಟು, ಮೇಲ್ಮೈ ಬೆರಳಿಗೆ ಅಂಟದಂತಾದ ಮೇಲೆ ಕ್ಲಿಂಗ್ ಫಿಲ್ಮನ್ನು ಅದರ ಮೈಗೆ ತಾಗುವಂತೆ ಹೊದಿಸಿ, ಹೊರಗಿನಿಂದ ಇನ್ನೊಂದು ಸುತ್ತು ಸುತ್ತಿ. ಈ ಎರಡನೆಯ ಸುತ್ತನ್ನು ಬಿಡಬೇಡಿ. ಹಾಲಿನ ಕೊಬ್ಬು ಸುತ್ತಲಿನ ವಾಸನೆಯನ್ನೆಲ್ಲ ಎಳೆದುಕೊಳ್ಳುತ್ತದೆ, ನಮ್ಮ ಕಡೆಯ ಫ್ರೀಜರ್‌ಗಳಲ್ಲಿ ಸಂಕ್ರಾಂತಿಯ ಹೊತ್ತಿಗೆ ತುಂಬಿಟ್ಟ ಹಿತಕಿದ ಅವರೆಬೇಳೆ ಬೇಸಿಗೆಯವರೆಗೂ ಇದ್ದೇ ಇರುತ್ತದೆ. ಅವರೆಯ ಸೊಗಡು ಸಾರಿಗೆ ಭೂಷಣ, ಪೈಗಲ್ಲ.

ಎರಡು ಬಾಗಿಲಿನ ಫ್ರಿಜ್ಜಿನ ಫ್ರೀಜರ್ ಸಾಮಾನ್ಯವಾಗಿ ಮೈನಸ್ 18 ಡಿಗ್ರಿಯಷ್ಟು ತಂಪಾಗಿರುವುದರಿಂದ ಆರು ಗಂಟೆಯಲ್ಲಿ ಪೈ ಕೊಯ್ಯಲು ಬರುತ್ತದೆ. ಒಂದೇ ಬಾಗಿಲಿನ ಫ್ರಿಜ್ಜಿನೊಳಗಿನ ಸಣ್ಣ ಖಾನೆ ಅಷ್ಟು ತಂಪಾಗುವುದಿಲ್ಲ, ಅದರಲ್ಲಿ ರಾತ್ರಿಯಿಡೀ ಬಿಡಲೇಬೇಕು; ಇಡುವ ಎರಡು ಮೂರು ಗಂಟೆ ಮುಂಚೆಯೇ ಗುಂಡಿಯನ್ನು ಅತಿ ತಂಪಿಗೆ ತಿರುಗಿಸಿ, ಗೋಡೆಗೆ ಕಟ್ಟಿದ ಹಿಮವನ್ನು ತೆಗೆದು, ಅಚ್ಚು ಸಮತಟ್ಟಾಗಿ ತಳಕ್ಕೆ ತಾಗುವಂತೆ ಕೂರಿಸಿದರೆ ಬೇಗ ಗಟ್ಟಿಯಾಗುತ್ತದೆ. ಕರೆಂಟ್ ಹೋದರೆ ಬಾಗಿಲು ತೆರೆದು ನೋಡುವ ಆಸೆಯನ್ನು ತಡೆದುಕೊಳ್ಳಿ. ಒಂದೆರಡು ಗಂಟೆಯ ಮಟ್ಟಿಗೆ, ಬಾಗಿಲು ಮುಚ್ಚಿಯೇ ಇದ್ದರೆ, ಏನೂ ಆಗುವುದಿಲ್ಲ.

ಬಡಿಸುವ ಏಳೆಂಟು ನಿಮಿಷ ಮೊದಲು ಹೊರಗೆ ತೆಗೆದರೆ ಸಾಕು. ತಂಪು ದೇಶದವರು ಬರೆದ ಇಪ್ಪತ್ತು ನಿಮಿಷದ ಲೆಕ್ಕ ಇಲ್ಲಿ ನಡೆಯದು. ಬಿಸಿನೀರಿನಲ್ಲಿ ಅದ್ದಿ ಹಿಂಡಿದ ಟವೆಲನ್ನು ಅಚ್ಚಿನ ಹೊರಮೈಗೆ ಅರ್ಧ ನಿಮಿಷ ಸುತ್ತಿ ಹಿಡಿದರೆ ಅಂಚು ಬಿಡುತ್ತದೆ. ಉದ್ದ ಚಾಕುವನ್ನು ಬಿಸಿನೀರಿನಲ್ಲಿ ಅದ್ದಿ, ಒರೆಸಿ, ಗರಗಸದಂತೆ ಎಳೆಯದೆ ನೇರವಾಗಿ ಒತ್ತಿ ಇಳಿಸಿ. ಪ್ರತಿ ಹೋಳಿಗೂ ಮತ್ತೆ ಅದ್ದಿ ಒರೆಸಬೇಕು. ತಟ್ಟೆಗಳನ್ನೂ ಫ್ರಿಜ್ಜಿನಲ್ಲಿಟ್ಟಿದ್ದರೆ ಮೊದಲು ಬಡಿಸಿದ ಹೋಳು ಕೊನೆಯವರಿಗೆ ಬಡಿಸುವುದರೊಳಗೆ ಕರಗುವುದಿಲ್ಲ. ಬಿಸಿಬೇಳೆಬಾತಿನ ಊಟದ ಮೇಲೆ ಸಣ್ಣ ಹೋಳೇ ಸಾಕಾಗುವುದರಿಂದ ಎಂಟು ಅಂಗುಲದ ಪೈಯನ್ನು ಹತ್ತು ಜನಕ್ಕೆ ಹಂಚಬಹುದು. ಮೇಲಲಂಕಾರಕ್ಕೆ ನಿಂಬೆ ಸಿಪ್ಪೆಯ ನಾಲ್ಕು ಎಳೆ, ಹುರಿದು ಆರಿಸಿದ ಒಣಕೊಬ್ಬರಿಯ ತೆಳು ಚೂರು ಚೆನ್ನಾಗಿರುತ್ತವೆ. ನಂಜನಗೂಡಿನ ರಸಬಾಳೆಯ ಬಿಲ್ಲೆಗಳನ್ನೋ ಬಾದಾಮಿ ಮಾವಿನ ಹೋಳುಗಳನ್ನೋ ಹಾಕುವ ಮನಸ್ಸಿದ್ದರೆ ಬಡಿಸುವಾಗ ಹಾಕಿ. ಜೊತೆಗೇ ಹೆಪ್ಪುಗಟ್ಟಿಸಿದರೆ ಬಾಳೆ ಕಪ್ಪಾಗುತ್ತದೆ, ಮಾವು ಹಲ್ಲು ಜುಮ್ಮೆನಿಸುವ ಮಂಜಿನ ತುಂಡಾಗುತ್ತದೆ.

ಮೈಸೂರಿನಿಂದ ಮಂಡ್ಯದ ನೆಂಟರ ಮನೆಗೆ ಒಯ್ಯಬೇಕೆಂದರೆ ಸುಮಾರು 45 ಕಿಲೋಮೀಟರ್ ದಾರಿ. ಮುಚ್ಚಳ ಬಿಗಿಯಾದ ಸ್ಟೀಲ್ ಡಬ್ಬಿಯಲ್ಲಿ ಪೈ ಇರಿಸಿ, ಮುಚ್ಚಳದ ಸಂದಿಗೆ ಟೇಪು ಸುತ್ತಿ, ಥರ್ಮೊಕೋಲ್ ಪೆಟ್ಟಿಗೆಯಲ್ಲಿ ಕುಟ್ಟಿದ ಮಂಜುಗಡ್ಡೆಯ ನಡುವೆ ಕೂರಿಸಿ. ಮೂರು ಪಾಲು ಮಂಜುಗಡ್ಡೆಗೆ ಒಂದು ಪಾಲು ಕಲ್ಲುಪ್ಪು ಬೆರೆಸಿದರೆ ಅದರ ಉಷ್ಣತೆ ಸೊನ್ನೆಗಿಂತ ಹತ್ತು ಡಿಗ್ರಿಗೂ ಕೆಳಗಿಳಿಯುತ್ತದೆ. ಕುಲ್ಫಿಯವರು ಗಡಿಗೆಯಲ್ಲಿ ಮಾಡುವುದೂ ಇದನ್ನೇ. ಉಪ್ಪುನೀರು ಒಳಗಿಳಿಯದಂತೆ ನೋಡಿಕೊಳ್ಳುವುದೊಂದೇ ಎಚ್ಚರಿಕೆ.

ಸರಿಯಾಗಿ ಸುತ್ತಿಟ್ಟ ಪೈ ಒಂದು ವಾರ ರುಚಿ ಕೆಡದೆ ಇರುತ್ತದೆ. ಆಮೇಲೆ ತಳ ಮೆತ್ತಗಾಗುತ್ತ, ಮೇಲ್ಮೈಯಲ್ಲಿ ಹಿಮದ ಪುಡಿ ಕಟ್ಟುತ್ತ ಹೋಗುತ್ತದೆ. ಊಟದ ನಡುವೆ ಪೂರ್ತಿ ಕರಗಿಹೋದದ್ದನ್ನು ಮತ್ತೆ ಫ್ರೀಜರ್‌ಗೆ ಸೇರಿಸಬೇಡಿ, ಗಾಳಿ ಇಳಿದುಹೋಗಿ ಮಂಜಿನ ಮುದ್ದೆಯಾಗುತ್ತದೆ. ಹೆಚ್ಚು ಹೊತ್ತು ಹೊರಗಿರದಿದ್ದರೆ, ತಳವನ್ನೂ ಸೇರಿಸಿ ಸಣ್ಣ ಬಟ್ಟಲುಗಳಿಗೆ ಹಾಕಿ ಫ್ರಿಜ್ಜಿನ ಕೆಳಖಾನೆಯಲ್ಲಿಡಿ. ನಿಂಬೆಯ ಹುಳಿಗೆ ಗಟ್ಟಿಯಾದ ಹೂರಣ ಹೆಪ್ಪು ಬಿಟ್ಟ ಮೇಲೂ ನೀರಾಗುವುದಿಲ್ಲವಾದ್ದರಿಂದ ಸಂಜೆಯ ಹೊತ್ತಿಗೆ ಅದನ್ನು ಪುಡಿಂಗಿನಂತೆ ಚಮಚದಲ್ಲಿ ತಿನ್ನಬಹುದು.